ನಡುವೆ ಮಲಗುವವರು

"ಬಂದ್ನಪ್ಪಾ ನಮ್ ಮದ್ವೆ ಗಂಡು! ಹಿಟ್ಟಿನ ಮೂಟೆ ಹೊರೋಕಾಗಾಕಿಲ್ಲ, ಅಮೆರಿಕದ ಹೆಣ್ಣು ಮಾತ್ರ ಬೇಕು ಬೋಳಿಮಗನಿಗೆ!"

ಎವರಿಸ್ತೊ ಹಾಗಂದದ್ದು ನೆಲಮಾಳಿಗೆಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ. ನಾನು ಕೇಳಿದ್ದು ಒಂದು ಬೆಳಗ್ಗೆ ಪಾಳಿಯಿಂದ ಸ್ವಲ್ಪ ಬೇಗ ಬಿಡಿ ಅಂತ, ಅಷ್ಟೇ. ಬ್ರಾಂಕ್ಸ್‌ನ ಈ ಬೇಕರಿಗೆ ಅವನು ಮಾಲೀಕ. ನನ್ನ ಹಾಗೆ ಡೊಮಿನಿಕನ್ ದೇಶದವನು, ಒಂದು ಕಾಲಕ್ಕೆ ನನ್ನ ಹಾಗೆಯೇ ಇಲ್ಲಿರಲು ಸರ್ಕಾರದ ಕಾಗದವಿಲ್ಲದೆ ಇದೇ ಮೆಟ್ಟಿಲಿಳಿದವನು. ಕಾಗದ ಸಿಕ್ಕಿ ಮೇಲೆ ಹತ್ತಿದ ಮೇಲೆ ಅವನಿಗೆ ಕೆಳಗಿನವರು ಮನುಷ್ಯರಾಗಿ ಕಾಣುವುದು ನಿಂತುಹೋಯಿತು. ಹಗಲು ಗಿರಾಕಿಗಳ ಮುಂದೆ ಕಾಗದ ಇದ್ದವರು ನಿಲ್ಲುತ್ತಾರೆ. ವೀಸಾದ ಅವಧಿ ಮುಗಿದರೂ ಊರಿಗೆ ಹೋಗದೆ ಉಳಿದ ನನ್ನಂಥವರು ರಾತ್ರಿಯಿಡೀ ಕೆಳಗೆ ಹಿಟ್ಟು ನಾದಬೇಕು. ವಾರದ ರಜೆ ಕೇಳಿದರೆ ಫೋನ್ ಕೈಗೆತ್ತಿಕೊಂಡು, ವಲಸೆ ಕಚೇರಿಗೆ ಮಾಡಲೇನು ಹೇಳು ಎಂದು ನಗುತ್ತಾನೆ.

"ವಲಸೆ ಕಚೇರೀಲಿ ಸಂದರ್ಶನ ಐತೆ ಯಜಮಾನ್ರೆ. ಹೋಗ್ದಿದ್ರೆ ಅರ್ಜಿ ಬಿದ್ದೋಯ್ತದೆ. ನನ್ನ ಊರಿಗೆ ಅಟ್ತಾರೆ."

"ಹೋಗಿ ಸಾಯಿ. ಆದ್ರೆ ನನ್ ಬೇಕರಿ ಹೆಸ್ರು ನಿನ್ ಬಾಯಿಂದ ಬಂತೋ, ನಿನ್ ಜಾಗ್ದಲ್ಲಿ ಇನ್ನೊಬ್ಬ ಇರ್ತಾನೆ. ಕೇಳಿದ್ರೆ, ಹೆಂಡ್ತಿ ದುಡೀತಾಳೆ, ನಾನು ತಿಂದ್ಕಂಡ್ ಬಿದ್ದಿರ್ತೀನಿ ಅನ್ನು."

ಹೆಂಡತಿ ಮಿಗ್ದಾಲಿಯಾ ಪೋರ್ಟೊರಿಕೊದವಳು, ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಆ ಪ್ರಜೆಗೆ ದೇಶ ಕೊಟ್ಟಿದ್ದು ಆಸ್ಪತ್ರೆಯ ರಕ್ತದ ಬಟ್ಟೆ ಒಗೆಯುವ ಕೆಲಸ. ಬೆಳಿಗ್ಗೆ ನಾನು ಮನೆಗೆ ಬರುವಾಗ ಅವಳು ಹೊರಡುತ್ತಾಳೆ. ಸಂಜೆ ಅವಳು ಬಂದ ಮೇಲೆ ಬೇಯಿಸಿದ ಬಾಳೆಕಾಯಿ ಹಿಸುಕಿ, ಹುರಿದ ಈರುಳ್ಳಿ ಹಾಕಿ, ಒಂದೇ ತಟ್ಟೆಯಲ್ಲಿ ತಿನ್ನುತ್ತೇವೆ. ತಟ್ಟೆ ತೊಳೆದಿಟ್ಟು ನಾನು ಬೇಕರಿಗೆ ಓಡಬೇಕು. ನಮ್ಮ ಸಂಸಾರ ಅಂದರೆ ಅಷ್ಟು ಹೊತ್ತು.

ಪ್ರಜೆಯ ಗಂಡನಿಗೆ ಕಾಗದ ಸಿಗುತ್ತದೆ, ಮದುವೆ ನಿಜವೆಂದು ಅವರು ನಂಬಿದರೆ. ವಲಸೆ ಕಚೇರಿಯಲ್ಲಿ ನಮ್ಮಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಅಧಿಕಾರಿ ದನಿ ಎತ್ತದ ಮನುಷ್ಯ.

"ಹಾಸಿಗೇಲಿ ನೀವು ಯಾವ ಕಡೆ ಮಲಗ್ತೀರಿ?"

"ನಡುವೆ."

"ನಿಮ್ಮ ಹೆಂಡತಿ?"

ನಾಲಗೆಯ ತುದಿಗೆ ಬಂದಿದ್ದ ಬೇಕರಿಯನ್ನು ನುಂಗಿಕೊಂಡೆ. "ಅವ್ಳೂ ನಡುವೇನೆ ಸಾರ್."

ಅವನು ಪೆನ್ನು ಕೆಳಗಿಟ್ಟು ಪಕ್ಕದ ಕೋಣೆಗೆ ಹೋದ. ಮಿಗ್ದಾಲಿಯಾಳೂ ಅದನ್ನೇ ಹೇಳಿದಳಂತೆ. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕರೆದು ಕೂರಿಸಿದ.

"ಇಬ್ಬರೂ ನಡುವೆ ಮಲಗೋ ಹಾಸಿಗೆ ನಾನಂತೂ ನೋಡಿಲ್ಲ. ಪಾಠ ಚೆನ್ನಾಗಿ ಉರು ಹೊಡೆದು ಬಂದಿದ್ದೀರಿ. ಇರಲಿ, ಕೊನೇ ಸಲ ಕೂಡಿದ್ದು ಯಾವಾಗ?"

ಮಿಗ್ದಾಲಿಯಾಳ ಮುಖ ಕೆಂಪಗಾಯಿತು. "ನೀನು ಹುಟ್ಟೋಕ್ ಮುಂಚೆ ನಿಮ್ಮವ್ವಂಗೂ ಯಾರಾದ್ರೂ ಹಿಂಗೇ ಕೇಳಿದ್ರಾ?"

"ಸುಳ್ಳು ಮದುವೆಗೆ ಜೈಲಿದೆ ಅಮ್ಮ, ನಿಮಗೂ ಸೇರಿ. ಮನೆಗೇ ಬಂದು ನೋಡ್ತೀವಿ." ದನಿ ಆಗಲೂ ಏರಲಿಲ್ಲ.

ಬಸ್ಸಿನಲ್ಲಿ ಅವಳು ಕೇಳಿದಳು. "ಯಾಕಯ್ಯಾ, ರಾತ್ರಿ ಪಾಳಿ ಅಂತ ಹೇಳೋಕಾಗ್ಲಿಲ್ವಾ ನಿಂಗೆ?"

"ನೀನ್ಯಾಕ್ ಹೇಳ್ಲಿಲ್ಲ?"

"ನಿನ್ ಕೆಲ್ಸ ಹೋಯ್ತದೆ ಅಂತ ಕಣಯ್ಯ, ಮುಂಡೇದೆ."

ಬಸ್ಸಿನ ಗಾಜು ಒಡೆದು ಹಾಕುವಷ್ಟು ಸಿಟ್ಟು ಬಂದಿತ್ತು ನನಗೆ. ಕಾಗದವಿಲ್ಲ ಅಂತ ರಾತ್ರಿ ದುಡಿಸುತ್ತಾರೆ. ರಾತ್ರಿ ದುಡಿಯುವವನು ಹೆಂಡತಿಯ ಪಕ್ಕ ಮಲಗುವುದು ಹೇಗೆ? ಮಲಗಿಲ್ಲ ಅಂತ ಕಾಗದ ಕೊಡುವುದಿಲ್ಲ. ಯಾರ ಕೊರಳಪಟ್ಟಿ ಹಿಡಿಯಲಿ?

ಅವರು ಬಂದು ನೋಡುವವರೆಗಾದರೂ ಹಗಲು ಕೆಲಸ ಕೊಡು ಎಂದು ಎವರಿಸ್ತೊನನ್ನು ಬೇಡಿಕೊಂಡೆ.

"ಹೆಂಡ್ತಿ ಪಕ್ಕ ಮಲಗೋಕೆ ರಜೆ ಬೇಕಾ? ನಿನ್ ಬದ್ಲು ನಾನೇ ಹೋಗ್ಲೇನೋ?"

ಎಲ್ಲರೂ ನಕ್ಕರು. ನಗದಿದ್ದರೆ ಅವರ ಪಾಳಿಯೂ ಹೋಗುತ್ತದೆ. ನಾನು ಹಿಟ್ಟಿಗೆ ಗುದ್ದಿದೆ.

ಅವರು ಬಂದದ್ದು ಚಳಿಗಾಲದ ಒಂದು ಮುಂಜಾನೆ. ಕೆಲಸ ಮುಗಿಸಿ ಮೆಟ್ಟಿಲು ಹತ್ತಿದರೆ ನಮ್ಮ ಬಾಗಿಲು ಹಾರುಹೊಡೆದಿತ್ತು. ಅದೇ ಅಧಿಕಾರಿ ಬಗ್ಗಿ ನಮ್ಮ ಹಾಸಿಗೆಯ ಮೇಲೆ ಅಂಗೈ ಆಡಿಸುತ್ತಿದ್ದ. ಜೊತೆಗೊಬ್ಬ ಬರೆದುಕೊಳ್ಳುತ್ತಿದ್ದ. ಮಿಗ್ದಾಲಿಯಾ ಕೆಲಸದ ಬಟ್ಟೆ ತೊಟ್ಟು ಗೋಡೆಗೆ ಒರಗಿ ನಿಂತಿದ್ದಳು, ತುಟಿ ಕಚ್ಚಿಕೊಂಡು.

"ಬೆಚ್ಚಗಿರೋದು ಒಂದೇ ಕಡೆ. ಒಬ್ಬರೇ ಮಲಗಿದ್ದು ಅಂತ ಬರಿ," ಎಂದು ಅವನು ನನ್ನ ಕಡೆ ತಿರುಗಿದ. "ರಾತ್ರಿ ಎಲ್ಲಿದ್ರಿ?"

ಹುಬ್ಬಿನಿಂದ ಬೂಟಿನವರೆಗೆ ಮೈಯೆಲ್ಲ ಹಿಟ್ಟು ನನಗೆ. ಕಣ್ಣಿದ್ದವನು ಕೇಳುವ ಪ್ರಶ್ನೆಯೇ ಇದು?

"ಎವರಿಸ್ತೊ ಬೇಕರೀಲಿ. ಬರ್ಕಳಿ, ಹೆಸ್ರು ಸರ್ಯಾಗ್ ಬರ್ಕಳಿ. ರಾತ್ರಿಯೆಲ್ಲ ಹಿಟ್ಟು ನಾದ್ತೀನಿ ಅಲ್ಲಿ. ಇವ್ಳು ಹಗಲೆಲ್ಲ ಬಟ್ಟೆ ಒಗೀತಾಳೆ. ರಾತ್ರಿ ಈ ಹಾಸ್ಗೆ ಇವ್ಳದು, ಹಗಲು ನಂದು."

"ಅವತ್ತು ಯಾಕೆ ಹೇಳಲಿಲ್ಲ?"

"ಹೊಟ್ಟೆಪಾಡು ಸಾರ್. ಇವತ್ತು ಅದೂ ಹೋಯ್ತು."

ಬೂಟು ಬಿಚ್ಚಲಿಲ್ಲ. ಅವನ ಕೈ ಪಕ್ಕಕ್ಕೆ ಸರಿಸಿ, ಮಿಗ್ದಾಲಿಯಾ ಎದ್ದುಹೋಗಿದ್ದ ಜಾಗದಲ್ಲಿ ಮಲಗಿಬಿಟ್ಟೆ. ಇನ್ನೂ ಬಿಸಿಯಿತ್ತು.

"ಏಳಿ ಮೇಲೆ. ಪ್ರಶ್ನೆ ಮುಗಿದಿಲ್ಲ."

ಮಿಗ್ದಾಲಿಯಾ ಬಂದು ನನ್ನ ಕೊರಳವರೆಗೆ ಕಂಬಳಿ ಎಳೆದಳು. ಅಡುಗೆ ಮೂಲೆಯಿಂದ ಕುರ್ಚಿ ತಂದು ಅವರ ಮುಂದೆ ಕುಕ್ಕಿದಳು.

"ನಂಗೆ ಕೆಲ್ಸಕ್ಕೆ ಹೊತ್ತಾಯ್ತು. ಕೂತ್ಕಂಡು ಚೆನ್ನಾಗಿ ನೋಡ್ಕಳಿ. ನನ್ ಗಂಡ ಗೊರ್ಕೆ ಹೊಡೀತಾನೋ ಇಲ್ವೋ, ಮದ್ವೆಯಾದ ನಂಗೇ ಗೊತ್ತಿಲ್ಲ. ಗೊತ್ತಾದ್ರೆ ಬರ್ದಿಟ್ಟು ಹೋಗಿ."

ಅವಳು ಮೆಟ್ಟಿಲಿಳಿದು ಹೋದ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡೆ. ಅವರಿಬ್ಬರೂ ಕೂರಲಿಲ್ಲ, ಹೋಗಲೂ ಇಲ್ಲ.