ಕೆಂಪು ಹಿಡಿದಾವ್ರೀ

ಶಿಕಾರಿಪುರದಲ್ಲಿ ಸೀರೆ, ನೂಲಿಗೆ ಬಣ್ಣ ಹಾಕುವ ಮುನೀರ್ ಅಹ್ಮದನಿಗೆ ಬಣ್ಣದ ವಿಷಯ ಯಾರೂ ಹೇಳಿಕೊಡುವ ಹಾಗಿರಲಿಲ್ಲ. ಹಂಡೆಯ ಹಬೆ ನೋಡಿಯೇ ಬಟ್ಟೆ ಬಣ್ಣ ಹಿಡಿಯಿತೋ ಇಲ್ಲವೋ ಹೇಳಿಬಿಡುವ ಆಸಾಮಿ. ಅದೇ ಜಂಬ ಅವನನ್ನು ಕೆಡಿಸಿತು.

ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ವರ್ಷ ಅದು. ಸೊರಬದ ಹತ್ತಿರದ ಉಳವಿಯ ತವರಿಗೆ ಹೋಗಿದ್ದ ಅವನ ಹೆಂಡತಿ ಇಮಾಂಬೀಗೆ ಅದೇ ಮಂಗನ ಜ್ವರ ಬಂತು. ಸೊರಬದಲ್ಲಿ ಹೊರಗಿನ ಡಾಕ್ಟರುಗಳು ಹಾಕಿದ್ದ ಕ್ಯಾಂಪಿಗೆ ಸೇರಿಸಿದರು. ಅಲ್ಲೊಂದು ಕೋಣೆಗೆ ಕರೀ ಪರದೆ. ಒಳಗೆ ರೋಗಿಗಳ ರಕ್ತಕ್ಕೆ ಹೊಳೆಯುವ ಬಣ್ಣ ಬೆರೆಸಿ, ನೇರಳೆ ದೀಪ ಹಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ರಕ್ತಕ್ಕೂ ಬಣ್ಣ ಹಾಕ್ತಾರಾ ಎಂದು ಮುನೀರನಿಗೆ ನಗು.

ಪರದೆಯಾಚೆ ನಿಂತು ಕಿವಿಗೊಟ್ಟ. ರಕ್ತ ನೋಡುವ ಚಂದ್ರಶೇಖರಪ್ಪ ಡಾಕ್ಟರಿಗೆ ಹೇಳುತ್ತಿದ್ದ: "ಇಮಾಂಬೀದು ಪೂರಾ ಕೆಂಪು ಹಿಡಿದಾವ್ರೀ ಸಾರ್. ಹಸಿರು ಉಳಿದೇ ಇಲ್ಲ."

ಯಾ ಅಲ್ಲಾ! ಹಿಡಿಯೋಕೆ ಕೆಂಪು ಎಷ್ಟು ಸತಾಯಿಸುವ ಬಣ್ಣ ಅಂತ ಮುನೀರನಿಗೆ ಗೊತ್ತಿಲ್ಲವೇ? ಅದೂ ರಕ್ತ! ಪೂರಾ ಕೆಂಪು ಹಿಡಿದ ಮೇಲೆ ಇನ್ನೇನು ಬೇಕು? ಕೇಳಿ ತಿಳಿದುಕೊಳ್ಳುವ ಪೈಕಿ ಅವನಲ್ಲ. ನೇರ ಹೆಂಡತಿಯ ಹತ್ತಿರ ಓಡಿದ.

"ರಕ್ತಕ್ಕೆ ಬಣ್ಣ ಬಂದೈತೆ ಕಣೇ! ನಿನ್ನ ಆ ಬಿಳೀ ಸೀರೆ ಐತಲ್ಲ, ಊರಿಗೆ ಹೋಗಿ ಅದಕ್ಕೆ ಕೆಂಪು ಹಾಕಿ ತರ್ತೀನಿ. ಉಟ್ಕೊಂಡೇ ಮನೆಗೆ ಬರೂವಂತೆ."

ಇಮಾಂಬೀ ಅವನ ಬೆರಳು ಹಿಡಿದಳು. "ಸೀರೆ ಎಲ್ಲಿಗೆ ಓಡಿ ಹೋಗ್ತೈತ್ರೀ? ಇವತ್ತೊಂದಿನ ಇಲ್ಲೇ ಕೂತ್ಕೊಳ್ರೀ. ಯಾಕೋ ಹೆದರಿಕೆ ಆಗ್ತೈತೆ."

"ಹುಚ್ಚೀ" ಎಂದು ನಕ್ಕು, ಬೆರಳು ಬಿಡಿಸಿಕೊಂಡು ಬಸ್ಸು ಹತ್ತಿದ.

ಮಾರನೇ ದಿನ ಸೀರೆ ಮಡಿಚಿಕೊಂಡು ಬಂದರೆ ಮಂಚ ಖಾಲಿ. ಬೆಳಗಿನ ಜಾವ ಜೀವ ಹೋಗಿತ್ತು. ಮುನೀರ ಚಂದ್ರಶೇಖರಪ್ಪನ ಅಂಗಿ ಹಿಡಿದು ಜಗ್ಗಿದ. "ಕೆಂಪು ಹಿಡಿದಾವೆ ಅಂತ ನೀವೇ ಅಂದ್ರಲ್ರೀ!"

"ಅಯ್ಯೋ ಸಾಹೇಬ್ರೇ, ರೋಗದ ಸಂಗಡ ಹೊಡೆದಾಡೋ ಬಿಳೀ ಕಣ ಇರ್ತಾವಲ್ಲ, ಅವಕ್ಕೆ ಜೀವ ಇದ್ರೆ ಹಸಿರು ಹೊಳೀತಾವೆ. ಕೆಂಪಾದ್ರೆ ಸತ್ತಾವೆ ಅಂತ. ಹೇಳೋಣ ಅಂತ ಹೊರಗೆ ಬಂದ್ರೆ ನೀವೇ ಇರ್ಲಿಲ್ಲ." ಅಂಗಿ ಬಿಡಿಸಿಕೊಳ್ಳುತ್ತಾ, "ನಿಮ್ಮ ಮನೆಯವರು ಬಾಗಿಲ ಕಡೇನೇ ನೋಡ್ತಿದ್ರು" ಎಂದ.

ಒಂದು ದಿನ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಮುನೀರ ಹಣೆ ಚಚ್ಚಿಕೊಂಡ. ಹೆಣಕ್ಕೆ ಹೊದಿಸುವ ಕಫನ್ನಿಗೆ ಬಿಳೀ ಬಟ್ಟೆ ಬೇಕು ಎಂದು ಯಾರೋ ಹೇಳಿದರು. ಅವನು ಸೀರೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದ. ನೀರು ಸೇದಿ ಸೇದಿ ಒಗೆದ, ಕಲ್ಲಿಗೆ ಬಡಿದ, ಹಿಂಡಿದ. ಅವನೇ ಹಾಕಿದ ಬಣ್ಣ, ಬಿಡಲಿಲ್ಲ.