ಕಾಸಿದ ನೀರು

ಕೊಳಕ್ಕೆ ಜಿಗಿದ ಕೂಡಲೇ ಖುಷ್ಬುವಿನ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಡಿಸೆಂಬರ್ ಹತ್ತಿದಾಗಿನಿಂದ ದಿನಾ ಹೀಗೇ. ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಬೆರಳುಗಳು ಮರಗಟ್ಟಿ ಒಂದಕ್ಕೊಂದು ಕೂಡುತ್ತಿರಲಿಲ್ಲ. ಸಂದಿನಿಂದ ನೀರು ಜಾರಿಹೋಗುತ್ತಿತ್ತು. ಎಷ್ಟು ಕೈ ಬೀಸಿದರೂ ಮೈ ಮುಂದೆ ಸಾಗುತ್ತಿರಲಿಲ್ಲ.

"ಎಮ್ಮಿ ಬಿದ್ದಂಗ ಬಿದ್ದೀಯಲ್ಲ! ಕೈ ಚಾಚು!" ದಂಡೆಯ ಮೇಲೆ ಜರ್ಕಿನ್ ಹಾಕಿಕೊಂಡು ನಿಂತಿದ್ದ ಕೋಚ್ ಶಾಂತಕುಮಾರ ಕೂಗಿದ.

"ಚಾಚಾಕ ಬರವಲ್ದ್ರಿ ಸರ್. ನೀರು ಭಾಳ ತಣ್ಣಗ ಅದಾವ."

"ನೀರಿನ ಮ್ಯಾಲ ಹಾಕಬ್ಯಾಡ. ಮೈಗಳ್ಳತನ ನಿಂದು."

ಖುಷ್ಬು ಗಂಗಾವತಿಯವಳು. ಅಬ್ಬಾ ಇಲ್ಲ. ಅಮ್ಮಿ ಹುಸೇನಬೀ ಅಕ್ಕಿ ಗಿರಣಿಯಲ್ಲಿ ಭತ್ತ ಒಣಹಾಕುತ್ತಾಳೆ. ಗಿರಣಿಯ ಹಿಂದೆಯೇ ಕಾಲುವೆ. ಅಮ್ಮಿಯ ಕೆಲಸ ಮುಗಿಯುವ ತನಕ ಹುಡುಗಿ ಬಿಸಿಲಿಗೆ ಬೆಚ್ಚಗಾದ ಆ ನೀರಿನಲ್ಲೇ ಬಿದ್ದಿರುತ್ತಿದ್ದಳು. ಶಾಲೆಯ ಪಂದ್ಯದಲ್ಲಿ ಗೆದ್ದ ಮೇಲೆ ಕೊಪ್ಪಳದ ಹೊರಗಿನ ಈ ಈಜು ಸಂಸ್ಥೆಯವರು ತಮ್ಮ ಹಾಸ್ಟೆಲಿಗೆ ಆರಿಸಿ ತಂದರು. ಬೇಸಿಗೆಯಲ್ಲಿ ಇದೇ ಕೊಳದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ.

ಚಳಿ ಬಿದ್ದಂತೆ ಹಾಸ್ಟೆಲಿನ ಹುಡುಗಿಯರಿಗೆ ಕೆಮ್ಮು, ಜ್ವರ ಹಿಡಿದವು. ಕುಷ್ಟಗಿಯವಳು ಮನೆಗೆ ಹೋದಳು, ಯಲಬುರ್ಗಾದವಳೂ ಹೋದಳು. ಕೊನೆಗೆ ಖುಷ್ಬು ಒಬ್ಬಳೇ ಉಳಿದಳು. ತಾಟು ತೊಳೆದಿಟ್ಟು, ಮಾತಾಡಲು ಯಾರೂ ಇಲ್ಲದೆ, ಖಾಲಿ ಮಂಚಗಳ ಹಾಸಿಗೆ ಸರಿಮಾಡುತ್ತ ಕೂರುತ್ತಿದ್ದಳು. ಸಂಜೆ ಅಮ್ಮಿಯ ಫೋನು ಬಂದಾಗಲೇ ತನ್ನ ದನಿ ತನಗೆ ಕೇಳಿಸುತ್ತಿತ್ತು.

"ಹೆಂಗದೀ ಬೇಟಿ?"

"ಛಲೋ ಅದೀನಿ ಅಮ್ಮಿ."

"ದನಿ ಯಾಕ ಹಂಗಾಗೇತಿ?"

"ನೆಗಡಿ."

ಮಗಳ ಸುದ್ದಿಯನ್ನು ಅಮ್ಮಿ ಗಿರಣಿ ತುಂಬಾ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು. ನೆಗಡಿ ಎಂಬುದಕ್ಕಿಂತ ಹೆಚ್ಚು ಹೇಳಲು ಖುಷ್ಬುಗೆ ಬಾಯಿ ಬರುತ್ತಿರಲಿಲ್ಲ.

ಅದೇ ಕಾಂಪೌಂಡಿನಲ್ಲಿ ಇನ್ನೊಂದು ಕೊಳವಿತ್ತು. ಮೇಲೆ ಛಾವಣಿ, ಸುತ್ತ ಗಾಜು, ನೀರು ಕಾಸುವ ಯಂತ್ರ. ಹಳ್ಳಿ ಮಕ್ಕಳ ತರಬೇತಿಗೆಂದು ಸರ್ಕಾರದ ಅನುದಾನದಲ್ಲಿ ಕಟ್ಟಿದ್ದು. ಒಳಗೆ ಈಜುತ್ತಿದ್ದವರು ಮಾತ್ರ ವರ್ತಕರು, ಅಧಿಕಾರಿಗಳು, ಅವರ ಮಕ್ಕಳು. ಸಂಸ್ಥೆಯ ಕಾರ್ಯದರ್ಶಿ ವಿರೂಪಾಕ್ಷಪ್ಪನ ಮೊಮ್ಮಗಳ ಅಭ್ಯಾಸವೂ ಅಲ್ಲೇ.

ಒಮ್ಮೆ ಖುಷ್ಬು ಆ ಗಾಜಿಗೆ ಕೈಯಿಟ್ಟು ನಿಂತಿದ್ದಳು. ನೆಲ ಒರೆಸುತ್ತಿದ್ದ ಅನ್ನಮ್ಮ ಓಡಿಬಂದಳು.

"ತಂಗಿ, ಇಲ್ಲಿ ನಿಂದ್ರಬ್ಯಾಡ. ಸಾಹೇಬ್ರು ನೋಡಿದ್ರ ನನ್ನ ಕೆಲಸ ಹೋಗ್ತೈತಿ."

"ಒಂದೀಟು ನೀರಾಗ ಕೈ ಇಟ್ಟು ನೋಡ್ಲೇನ ಯಕ್ಕಾ?"

"ಬ್ಯಾಡವಾ." ಅನ್ನಮ್ಮ ಅವಳ ಮುಖ ನೋಡದೆ ಬಾಗಿಲು ಹಾಕಿಕೊಂಡಳು.

ರಾಜ್ಯಮಟ್ಟಕ್ಕೆ ಒಬ್ಬಳನ್ನು ಆರಿಸುವ ದಿನ ಬಂತು. ಸ್ಪರ್ಧೆ ತೆರೆದ ಕೊಳದಲ್ಲಿ. ವಿರೂಪಾಕ್ಷಪ್ಪನ ಮೊಮ್ಮಗಳು ಗಾಜಿನ ಮನೆಯಲ್ಲಿ ಈಜಿ, ಮೈ ಕಾಯಿಸಿಕೊಂಡು, ದಪ್ಪ ಟವೆಲು ಹೊದ್ದು ಬಂದಳು. ಖುಷ್ಬು ತಣ್ಣೀರಿನಲ್ಲೇ ಮೈ ಸಡಿಲಿಸಿ ಎದ್ದಿದ್ದಳು. ಅತಿಥಿಗಳು ಬರುವುದು ತಡವಾಯಿತು. ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತು ಅವಳ ಹಲ್ಲು ಕಟಕಟ ಅಂದವು.

"ಸರ್, ನಾನೂ ಒಂದು ಸುತ್ತು ಒಳಗ ಈಜಿ ಬರ್ತೀನ್ರಿ."

"ಅದು ಮೆಂಬರಿಗಷ್ಟ ಐತಿ," ಅಂದ ಶಾಂತಕುಮಾರ.

ಅರ್ಧ ದಾರಿಯ ತನಕ ಖುಷ್ಬುವೇ ಮುಂದಿದ್ದಳು. ಆಮೇಲೆ ಮೀನಖಂಡ ಕಲ್ಲಿನಂತೆ ಸೆಟೆಯಿತು. ಕಾಲು ಆಡಲಿಲ್ಲ. ಬರೀ ಕೈಯಲ್ಲಿ ಮೈ ಎಳೆದುಕೊಂಡು ದಂಡೆ ಮುಟ್ಟುವಾಗ ಅತ್ತ ಗೆದ್ದ ಮೊಮ್ಮಗಳಿಗೆ ಹೊಡೆದ ಚಪ್ಪಾಳೆಯೂ ಮುಗಿದಿತ್ತು. ಅವಳ ಕಡೆ ಒಂದು ಬಟ್ಟೆ ಚಾಚುವವರೂ ಇರಲಿಲ್ಲ.

ವಿರೂಪಾಕ್ಷಪ್ಪ ಮೈಕು ಹಿಡಿದಿದ್ದ. "ಹಳ್ಳಿ ಮಕ್ಕಳಿಗೆ ಎಲ್ಲಾ ಸೌಕರ್ಯ ಕೊಟ್ಟೀವ್ರಿ. ಆದ್ರ ಛಲ ಬೇಕಲ್ಲ, ಅದನ್ನ ನಾವೆಲ್ಲಿಂದ ತರೂಣು?"

ಜನ ನಕ್ಕರು. ಖುಷ್ಬು ಕುಂಟುತ್ತ ಎದ್ದಳು. ನೆಟ್ಟಗೆ ಗಾಜಿನ ಬಾಗಿಲು ನೂಕಿ ಒಳಗೆ ಹೋಗಿ ನೀರಿಗೆ ಇಳಿದಳು.

ಬೆಚ್ಚಗಿನ ನೀರು. ಸೆಟೆದ ಕಾಲು ಮೆಲ್ಲಗೆ ಸಡಿಲಾಯಿತು. ಬೆರಳು ತಾವಾಗಿಯೇ ಕೂಡಿದವು. ಎದೆ ತುಂಬ ಉಸಿರು ಬಂತು, ಅದರ ಹಿಂದೆಯೇ ಅಳು. ಇಷ್ಟು ದಿನ ತನ್ನನ್ನು ತಾನೇ ಮೈಗಳ್ಳಿ ಎಂದು ನಂಬಲು ಹತ್ತಿದ್ದಳಲ್ಲ! ಅವಳನ್ನು ಕಂಡ ಮೆಂಬರುಗಳು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಇಡೀ ಕೊಳದಲ್ಲಿ ಮತ್ತೆ ಅವಳೊಬ್ಬಳೇ.

ಶಾಂತಕುಮಾರ ಓಡಿಬಂದ. "ಏ, ತಲಿ ಕೆಟ್ಟೈತೇನು? ಹತ್ತು ಮ್ಯಾಲ!"

"ವಾಚ್ ಹಿಡೀರಿ ಸರ್. ಒಂದ ಸಲ."

ಅವಳು ಗೋಡೆ ಒದ್ದು ಹೊರಟಳು. ಅವನ ಹೆಬ್ಬೆರಳು ರೂಢಿಯಂತೆ ಗುಂಡಿ ಒತ್ತಿತು. ಹೋಗಿ ತಿರುಗಿ ಬಂದು ದಂಡೆ ಹಿಡಿದು ಕೇಳಿದಳು, "ಎಷ್ಟಾತ್ರಿ?"

ಶಾಂತಕುಮಾರ ವಾಚು ನೋಡಿದ. ಬಾಗಿಲಲ್ಲಿ ನಿಂತ ವಿರೂಪಾಕ್ಷಪ್ಪನನ್ನು ನೋಡಿದ. ವಾಚನ್ನು ಕಿಸೆಗೆ ಹಾಕಿದ. "ಈಗ್ಯಾಕ ಅದು."

ಗೆದ್ದವಳಿಗಿಂತ ತಾನು ಬೇಗ ಮುಟ್ಟಿದ್ದು ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು.

ಮರುದಿನ ಬೆಳಿಗ್ಗೆ ಹಾಸ್ಟೆಲಿನಲ್ಲಿ ಅವಳಿಗೆ ಚಹಾ ಕೊಡಲಿಲ್ಲ. ಸಾಮಾನು ಕಟ್ಟಿ ಗಂಗಾವತಿ ಬಸ್ಸು ಹತ್ತಬೇಕೆಂದು ಹೇಳಿದರು. ಖುಷ್ಬು ಚೀಲ ಹಿಡಿದು ಬಂದು ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಹೊತ್ತಿಗೆ ಸರಿಯಾಗಿ ಮೆಂಬರುಗಳು ಬಂದು ನಿಂತರು.

"ಹಾದಿ ಬಿಡು," ಅಂದ ವಿರೂಪಾಕ್ಷಪ್ಪ.

"ಬಿಡಂಗಿಲ್ರಿ. ನಮ್ಮ ಹೆಸರಿಲೆ ಕಾಸಿದ ನೀರಾಗ ನಾವೂ ಇಳೀಬೇಕು. ಮನಿಗೆ ಹೋದ ಹುಡುಗ್ಯಾರ್ನೂ ಕರಸ್ರಿ."

"ಅನ್ನಮ್ಮ, ಈಕಿನ್ನ ಎಳದು ಆ ಕಡಿ ಹಾಕು."

ಅನ್ನಮ್ಮ ಹತ್ತಿರ ಬಂದಳು. ಖುಷ್ಬು ಕಣ್ಣು ಮುಚ್ಚಿ ಚೀಲ ಬಿಗಿಯಾಗಿ ಅಪ್ಪಿಕೊಂಡಳು. ಎಳೆಯುವ ಕೈ ಬರಲಿಲ್ಲ. ಕಣ್ಣು ತೆರೆದರೆ ಅನ್ನಮ್ಮ ಸೆರಗು ಸುತ್ತಿಕೊಂಡು ಪಕ್ಕದಲ್ಲೇ ಕುಳಿತಿದ್ದಳು.

"ಇಬ್ಬರ್ನೂ ಎಳೀಬೇಕಾಗ್ತೈತ್ರಿ ಸಾಹೇಬ್ರ," ಅಂದಳು.

ಖುಷ್ಬು ಚೀಲ ಬದಿಗಿಟ್ಟು ಅವಳ ಕೈ ಹಿಡಿದುಕೊಂಡಳು. ಟವೆಲು ಹೊದ್ದ ಮೆಂಬರುಗಳು ಹೊರಗಿನ ಚಳಿಯಲ್ಲಿ ನಿಂತೇ ಇದ್ದರು.