ಅಕ್ಕನ ಫೋನಿಗೆ ಹಾಕಿದ ಪರದೆ

ಬಂತು, ಬೆಳಕು ಬಂತು, ಮೊದಲು ಬೂದು, ಆಮೇಲೆ ಬಿಳಿ, ಎಡಗಡೆ ಅಂಚಿನಲ್ಲಿ ಸ್ವಲ್ಪ ಹಳದಿ ಹೊಡೆಯುತ್ತಿದೆ, ಇರಲಿ, ಯಾರದೋ ಸತ್ತ ಫೋನಿನಿಂದ ಬಿಚ್ಚಿ ತೆಗೆದ ಪರದೆ, ಅದಕ್ಕೂ ವಯಸ್ಸಾಗಬಾರದೇ, ಏಳು ವರ್ಷದ ಈ ಮಾಡೆಲ್ಲಿಗೆ ಹೊಸದು ಎಲ್ಲೂ ಸಿಗುವುದಿಲ್ಲ, ಮಾಡಿದ ಕಂಪನಿಯೇ ಮರೆತಿದೆ — ಬೇರೆ ತಗೋ ಅಕ್ಕ, ಇದನ್ನ ಬಿಡಿಭಾಗಕ್ಕೆ ಮಾರಿಬಿಡೋಣ ಎಂದರೆ ಅಕ್ಕ ಅದನ್ನು ಎದೆಗವಚಿಕೊಂಡಳು, ಬೇಡ ಕಣೇ, ಅದ್ರಲ್ಲಿ ಎಲ್ಲಾ ಇದೆ, ಹೇಗಾದ್ರೂ ಮಾಡಿ ಇದನ್ನೇ ಬದುಕಿಸು. ಎಲ್ಲಾ ಎಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳುವುದಿಲ್ಲ, ಅದು ಈ ಅಂಗಡಿಯ ನಿಯಮ, ಹಲಗೆಗೆ ಬರೆದು ತೂಗುಹಾಕಿಲ್ಲ ಅಷ್ಟೇ, ಹದಿನೆಂಟು ವರ್ಷದಲ್ಲಿ ಊರಿನ ಅರ್ಧ ಜನರ ಗುಟ್ಟು ಈ ಮೇಜಿನ ಮೇಲೆ ಅಂಗಾತ ಮಲಗಿ ಎದ್ದು ಹೋಗಿದೆ, ಒಂದನ್ನೂ ನಾನು ಓದಿಲ್ಲ, ಪರದೆ ಹತ್ತಿತೇ, ಬೆರಳು ತಗುಲಿದರೆ ಓಡುತ್ತದೆಯೇ, ದನಿ ಕೇಳಿಸುತ್ತದೆಯೇ, ಮುಗಿಯಿತು, ಮುಚ್ಚಿ ಕೊಟ್ಟೆ. ನಿಂಗೆ ಕಣ್ಣು ಕೊಟ್ಟಿರೋದು ಸ್ಕ್ರೂ ನೋಡೋಕೆ ಮಾತ್ರ ಕಣಮ್ಮ ಎಂದು ಪಕ್ಕದ ಮಳಿಗೆಯ ಗಡಿಯಾರದವರು ರೇಗಿಸುತ್ತಾರೆ, ಅವರ ಗೋಡೆಯಲ್ಲಿ ನಲವತ್ತು ಗಡಿಯಾರ, ನಲವತ್ತೂ ಬೇರೆ ಬೇರೆ ಗಂಟೆ, ಅಂಥವರ ಮಾತಿಗೆ ನಾನೇಕೆ ತಲೆ ಕೆಡಿಸಿಕೊಳ್ಳಲಿ. ಅಕ್ಕನಿಗೂ ಈ ನಿಯಮ ಗೊತ್ತು. ಕಾಗದದ ಪಟ್ಟಿ ಕೊಟ್ಟು ಲಾಕ್ ನಂಬರ್ ಬರಿ ಅಂದಾಗ ಒಂದು ಗಳಿಗೆ ಪೆನ್ನು ಹಿಡಿದು ನಿಂತಳು, ಆಮೇಲೆ ಆರು ಅಂಕಿ ಬರೆದಳು, ನೀನು ನೋಡೋಳಲ್ಲ ಅಂತ ಗೊತ್ತು ಬಿಡು ಎಂದು ನಕ್ಕಳು, ಐದು ಗಂಟೆಗೆ ಬರುತ್ತೇನೆಂದು ಕಣ್ಣಿನ ಡಾಕ್ಟರ ಬಳಿ ಹೋದಳು. ಆ ಆರು ಅಂಕಿ ನಾನು ಸಾಕಿದ ಮಗಳು ಮೊಂಡಿಯ ಹುಟ್ಟಿದ ದಿನ, ತಿಂಗಳು, ವರ್ಷ. ಅದನ್ನು ಫೋನಿನ ಬೆನ್ನಿಗೆ ಅಂಟಿಸುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ಪಾಪ, ಹೆತ್ತ ಹೊಟ್ಟೆ, ಬಿಟ್ಟುಕೊಟ್ಟರೂ ಮರೆತಿಲ್ಲ ಎಂದು ಮರುಗಿದ್ದೆ, ಬೆಳಿಗ್ಗೆ ಅಷ್ಟು ದಡ್ಡಿಯಾಗಿದ್ದೆ ನಾನು.

ಬೆರಳು ಓಡಿಸಬೇಕು. ಒಂದು ಚಿತ್ರವನ್ನು ಒತ್ತಿ ಹಿಡಿದು ಪರದೆಯ ಮೂಲೆಯಿಂದ ಮೂಲೆಗೆ ಎಳೆಯುವುದು, ನೆಲ ಒರೆಸುವ ಹಾಗೆ ಸಾಲು ಸಾಲಾಗಿ, ಎಲ್ಲಿ ಕೈಜಾರಿ ಬೀಳುತ್ತದೋ ಅಲ್ಲಿ ಪರದೆ ಸತ್ತಿದೆ ಎಂದರ್ಥ, ಇದನ್ನು ಮೊಂಡಿಗೂ ಕಲಿಸಿದ್ದೆ, ಏಳು ವರ್ಷಕ್ಕೇ ಕಲಿತಳು, ಈ ಸ್ಟೂಲಿನ ಮೇಲೆ ಮಂಡಿಯೂರಿ ಕೂತು, ನಾಲಿಗೆ ಕಚ್ಚಿಕೊಂಡು, ಇಲ್ಲಿ ಸತ್ತಿದೆ ಅಮ್ಮ, ಇಲ್ಲಿ ಬದುಕಿದೆ ಅಮ್ಮ. ಅದಕ್ಕೂ ಮೊದಲು, ಮೂರು ತುಂಬಿರಲಿಲ್ಲ, ಅಕ್ಕ ಬಿಟ್ಟುಹೋಗಿ ಎರಡು ತಿಂಗಳಾಗಿತ್ತು, ಎಳ್ಳಿನಷ್ಟು ಸಣ್ಣ ಸ್ಕ್ರೂ ಬಾಯಿಗೆ ಹಾಕಿಕೊಂಡಿತ್ತು ಕೂಸು, ತಲೆಕೆಳಗೆ ಹಿಡಿದು ಬೆನ್ನು ಬಡಿದೆ, ಆಗ ಅಮ್ಮಾ ಎಂದು ಕಿರುಚಿತು, ಅದೇ ಮೊದಲು ನನ್ನನ್ನು ಹಾಗೆ ಕರೆದದ್ದು, ಸ್ಕ್ರೂ ಮಾತ್ರ ಬರಲಿಲ್ಲ, ಎರಡು ದಿನ ಕಾದೆ, ಬರಬೇಕಾದ ದಾರಿಯಲ್ಲೇ ಬಂತು, ತೊಳೆದು ಇಟ್ಟುಕೊಂಡಿದ್ದೇನೆ, ಬಂಗಾರದ ಒಡವೆ ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ — ಸಾಲು ಸಾಲಾಗಿ ಎಳೆಯುತ್ತಿದ್ದೆ, ಮೇಲಿನಿಂದ ಮೂರನೆಯ ಸಾಲು, ಆಗ ನೆಟ್‌ವರ್ಕ್ ಬಂತು, ಒಂಬತ್ತು ದಿನ ಕಪ್ಪಾಗಿ ಬಿದ್ದಿದ್ದ ಫೋನು, ಮೊಂಡಿಯ ಪರೀಕ್ಷೆ ಮುಗಿಯಲೆಂದು ಅಕ್ಕ ಎರಡು ವಾರದಿಂದ ಮನೆಗೂ ಬಂದಿರಲಿಲ್ಲ, ಒಳಗೆ ತುಂಬಿಕೊಂಡಿದ್ದೆಲ್ಲ ಟಣ್ ಟಣ್ ಎಂದು ಉದುರತೊಡಗಿತು, ಫ್ಯಾಕ್ಟರಿಯ ಪಾಳಿ ಬದಲಾವಣೆ, ಬ್ಯಾಂಕಿನದು, ಯಾರದೋ ಶುಭಾಶಯ, ನಾನು ನೋಡುತ್ತಿರಲಿಲ್ಲ, ಬೆರಳಿನ ತುದಿಯನ್ನು ಮಾತ್ರ ನೋಡುತ್ತಿದ್ದೆ, ಆಗ ಮೇಲಿನಿಂದ ಒಂದು ಇಳಿಯಿತು, ಮೊಂಡಿಯ ಮುಖ, ನಾನೇ ಕಳೆದ ರಜೆಯಲ್ಲಿ ತೆಗೆದ ಫೋಟೋ, ಪಕ್ಕದಲ್ಲಿ ಅಮ್ಮಾ ಎಲ್ಲಿದ್ದೀಯಾ. ಒತ್ತಿದೆ. ಯಾರದು ಫೋನು, ಯಾರಿಗೆ ಬಂದದ್ದು, ಒಂದೂ ತಲೆಗೆ ಬರಲಿಲ್ಲ, ಹದಿಮೂರು ವರ್ಷದಿಂದ ಆ ಹುಡುಗಿ ಅಮ್ಮಾ ಎಂದಾಗಲೆಲ್ಲ ಓ ಎಂದವಳು ನಾನು, ಬಚ್ಚಲಲ್ಲಿದ್ದರೂ ಓ, ಬಸ್ಸಿನ ನೂಕುನುಗ್ಗಲಲ್ಲಿ ಯಾರ ಮಗುವೋ ಕೂಗಿದರೂ ಓ, ಮನೆಯಲ್ಲಿ ಒಬ್ಬಳೇ ಕೂತು ಓದುತ್ತಿದ್ದಾಳೆ, ಏನಾಯಿತೋ ಎಂದು ಒತ್ತಿದೆ. ನಿಯಮ ಮುರಿಯಬೇಕೆಂದು ಒತ್ತಿದ್ದಲ್ಲ.

ಓದಿದೆ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮತ್ತೆ ಮೇಲೆ. ಅಮ್ಮಾ ಯಾಕೆ ಫೋನ್ ಆಫ್, ಅಮ್ಮಾ ಪರೀಕ್ಷೆ ಚೆನ್ನಾಗಾಯ್ತು, ಅಮ್ಮಾ ನಾಳಿದ್ದೇ ಕೊನೇದು, ಮುಗಿದ ಮಾರನೇ ದಿನ ಬೆಳಿಗ್ಗೆ ಬಂದುಬಿಡ್ತೀನಿ, ಬಟ್ಟೆ ದಿನಾ ಒಂದೊಂದು ಬ್ಯಾಗಲ್ಲಿ ಇಟ್ಕೊಂಡು ಹೋಗಿ ಗೆಳತಿ ಮನೇಲಿ ಇಟ್ಟಿದೀನಿ, ಚಿಕ್ಕಮ್ಮಂಗೆ ಗೊತ್ತಾಗಿಲ್ಲ. ಚಿಕ್ಕಮ್ಮ. ನಾನು. ಅವಳ ಹಸಿರು ಸ್ವೆಟರಿಗಾಗಿ ಮೊನ್ನೆ ಇಡೀ ಮನೆ ಬುಡಮೇಲು ಮಾಡಿದ್ದೆ, ಮಂಚದ ಕೆಳಗೆ ತಲೆ ತೂರಿಸಿದ್ದೆ, ಅವಳೂ ನನ್ನ ಜೊತೆ ಬಗ್ಗಿ ಹುಡುಕಿದಳು, ಎಲ್ಲಿ ಹೋಯ್ತೋ ಅಮ್ಮ, ಸಿಗತ್ತೆ ಬಿಡಮ್ಮ ಎಂದು ನನ್ನ ಕೂದಲಿಗಂಟಿದ ಜೇಡರ ಬಲೆ ತೆಗೆದಳು, ಆ ಕೈಯಲ್ಲೇ ಮಡಚಿ ಬ್ಯಾಗಿಗೆ ತುರುಕಿದ್ದಳು. ಎಷ್ಟು ದಿನದಿಂದ, ಬೆರಳು ಮೇಲಕ್ಕೆ ನೂಕುತ್ತದೆ, ತಿಂಗಳು, ಅದರ ಹಿಂದಿನ ತಿಂಗಳು, ಮಳೆಗಾಲ, ಬೇಸಿಗೆ, ಒಂದು ವರ್ಷ ಎರಡು ತಿಂಗಳು, ಅಲ್ಲಿ ಮೊದಲನೆಯದು ಅಕ್ಕನದು, ಪುಟ್ಟಾ, ನಿನಗೊಂದು ವಿಷಯ ಹೇಳಬೇಕು, ಈಗಲೇ ನಿನ್ನ ಅಮ್ಮಂಗೆ ಹೇಳ್ಬೇಡ. ಒಂದು ವರ್ಷ ಎರಡು ತಿಂಗಳು ಈ ಹುಡುಗಿ ನನ್ನ ಎದುರು ಕೂತು ಊಟ ಮಾಡಿದ್ದಾಳೆ, ಅಮ್ಮ ಉಪ್ಪು ಕೊಡು ಎಂದಿದ್ದಾಳೆ, ಎಣ್ಣೆ ಹಚ್ಚಿಸಿಕೊಂಡಿದ್ದಾಳೆ, ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದಾಳೆ, ಎಲ್ಲ ಗೊತ್ತಿದ್ದೂ. ಅಷ್ಟು ದಿನ ಅವಳು ಅಮ್ಮ ಎಂದದ್ದರಲ್ಲಿ ಯಾವುದು ನನಗೆ, ಯಾವುದು ಬಾಯಿಪಾಠ, ಯಾರನ್ನು ಕೇಳಲಿ. ಇನ್ನೊಂದು, ಈ ಮಾತೆಲ್ಲ ಅವಳು ಬರೆದದ್ದು ನಾನು ಕಟ್ಟಿಕೊಟ್ಟ ಫೋನಿನಲ್ಲಿ, ಮೂರು ಕೆಟ್ಟ ಫೋನು ಒಡೆದು, ಒಂದರ ಬೋರ್ಡು, ಒಂದರ ಬ್ಯಾಟರಿ, ಒಂದರ ಮೈ, ಹದಿನೈದು ತುಂಬಿದ ದಿನ ಕೊಟ್ಟಿದ್ದೆ, ಕೊರಳಿಗೆ ಜೋತುಬಿದ್ದಿದ್ದಳು, ನನ್ನ ಕಣ್ಣಿಗೆ ಮಣ್ಣೆರಚಲು ಮಣ್ಣನ್ನೂ ನಾನೇ ಹೊತ್ತು ತಂದುಕೊಟ್ಟ ಹಾಗಾಯಿತು.

ಅಕ್ಕನೇ ಹಾಕಿದ ಷರತ್ತು ಅದು, ನಾನಲ್ಲ. ಎರಡೂವರೆ ವರ್ಷದ ಕೂಸನ್ನು ತನ್ನ ಸೊಂಟದಿಂದ ನನ್ನ ಸೊಂಟಕ್ಕೆ ದಾಟಿಸಿ, ಬಾಗಿಲಲ್ಲಿ ನಿಂತು, ಹೊರಗೆ ಭಾವ ಗಾಡಿ ಚಾಲೂ ಮಾಡಿಕೊಂಡು ಕಾಯುತ್ತಿದ್ದರು, ಇನ್ನೊಬ್ಬನ ಮಗು ನನ್ನ ಮನೆಗೆ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮದುವೆಯಾದ ಭಾವ — ಇವತ್ತಿಂದ ನೀನೇ ಇದರ ಅಮ್ಮ, ನಾನು ದೊಡ್ಡಮ್ಮ, ಹದಿನೆಂಟು ತುಂಬೋವರೆಗೆ ಇಬ್ರೂ ಬಾಯಿ ಬಿಡಬಾರ್ದು, ತುಂಬಿದ ದಿನ ಇಬ್ರೂ ಜೊತೇಲಿ ಕೂತು ಹೇಳೋಣ, ನನ್ನಾಣೆ ಎಂದು ನನ್ನ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಪಾಲಿಸಿದೆ. ಶಾಲೆಯಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆದೆ, ಅಪ್ಪ ಎಲ್ಲಿ ಎಂದವರಿಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಟ್ಟೆ, ಮದುವೆಯಾಗದವಳಿಗೆ ಮಗಳು ಎಲ್ಲಿಂದ ಬಂತು ಎಂದು ಬೀದಿಯೆಲ್ಲ ಆಡಿಕೊಂಡಾಗ ಹೊಟ್ಟೆಗೆ ಹಾಕಿಕೊಂಡೆ, ನೋಡಲು ಬಂದಿದ್ದ ಇಬ್ಬರು ಗಂಡುಗಳು ಅದೇ ಕಾರಣಕ್ಕೆ ಎದ್ದು ಹೋದರು, ಹೋಗಲಿ ಬಿಡು ಅಂದೆ, ಒಂದು ಮಾತು, ನನ್ನಕ್ಕನ ಮಗು ಇದು ಎಂದಿದ್ದರೆ ಸಾಕಿತ್ತು, ಅನ್ನಲಿಲ್ಲ. ಭಾವ ತೀರಿಕೊಂಡು ಒಂದೂವರೆ ವರ್ಷ, ಮನೆ ಬಿಕೋ ಅನ್ನತ್ತೆ ಕಣೇ ಎಂದು ಅತ್ತಿದ್ದಳು ಅಕ್ಕ, ನಾನೇ ಅಂದೆ, ವಾರಕ್ಕೊಮ್ಮೆ ಬಾ, ಮೊಂಡಿ ಜೊತೆ ಒಂದಿಷ್ಟು ಮಾತಾಡು, ಮನಸ್ಸು ಹಗುರಾಗತ್ತೆ. ಎಷ್ಟು ಚೆನ್ನಾಗಿ ಮಾತಾಡಿದ್ದಾಳೆ. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು, ನಾನು ಒಳಗೆ ಟೀ ಸೋಸುತ್ತಿರುವಾಗ. ಅಷ್ಟು ಸಾಲದೆಂದು ಫೋನನ್ನೂ ನನ್ನ ಕೈಗೇ ಕೊಟ್ಟಳಲ್ಲ, ಬೀದಿಗೆ ಹತ್ತು ಅಂಗಡಿಯಿವೆ, ಬೇರೆ ಕಡೆ ಕೊಟ್ಟರೆ ತಂಗಿ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಇಲ್ಲಿಗೆ ತಂದಳು, ಬೇಜಾರು, ಮಗಳನ್ನು ಕಿತ್ತುಕೊಳ್ಳುವಾಗ ಬಾರದ ಬೇಜಾರಿನ ಯೋಚನೆ ಪರದೆ ಹಾಕಿಸುವಾಗ ಬಂತು. ನೀನು ನೋಡೋಳಲ್ಲ ಅಂತ ಗೊತ್ತು. ನನ್ನ ಒಳ್ಳೆಯತನದ ಮೇಲೆ ಅವಳಿಗೆ ಎಂಥ ನಂಬಿಕೆ, ಅದರ ಮೇಲೆ ಕಾಲು ಚಾಚಿ ಮಲಗುವಷ್ಟು.

ಏನಮ್ಮ, ಹತ್ಲಿಲ್ವಾ, ಗಡಿಯಾರದವರು ಕೇಳುತ್ತಿದ್ದಾರೆ, ಹತ್ತಿದೆ ಎಂದೆ, ಮುಖ ಯಾಕೆ ಹಾಗಿದೆ ಅಂದರು, ಅಂಟಿನ ಘಾಟು ಅಂದೆ. ಹತ್ತದ ಹಾಗೆ ಮಾಡಬಹುದು. ಚಿಮಟದ ತುದಿಯನ್ನು ಬ್ಯಾಟರಿಯ ಪಕ್ಕ ಒಂದು ಸಲ ತಾಗಿಸಿದರೆ ಸಾಕು, ಒಂದು ಕಿಡಿ, ಬೋರ್ಡು ಹೋಯಿತು, ಅಕ್ಕ ಬಂದಾಗ ಸಾರಿ ಅಕ್ಕ, ಉಳೀಲಿಲ್ಲ ಎಂದರೆ ನಂಬುತ್ತಾಳೆ, ನಾನು ಹೇಳಿದ್ದನ್ನೆಲ್ಲ ಎಲ್ಲರೂ ನಂಬುತ್ತಾರೆ, ಆದರೆ ಫೋನು ಸತ್ತರೆ ಮೊಂಡಿ ನಿಲ್ಲುತ್ತಾಳೆಯೇ, ನಾಳೆ ಕೊನೆಯ ಪರೀಕ್ಷೆ, ನಾಳಿದ್ದು ಬೆಳಿಗ್ಗೆ ಬಸ್ಸು, ಅಕ್ಕನ ಮನೆಯ ದಾರಿ ಗೊತ್ತಿದೆ ಅವಳಿಗೆ, ನಾನೇ ಕೈ ಹಿಡಿದು ತೋರಿಸಿದ ದಾರಿ. ಕೆಳಗೆ ಇನ್ನೊಂದಿತ್ತು, ಆತುರದಲ್ಲಿ ದಾಟಿಬಿಟ್ಟಿದ್ದೆ, ನಿನ್ನೆಯದು, ಉದ್ದದ್ದು — ಅಮ್ಮಾ, ಚಿಕ್ಕಮ್ಮಂಗೆ ಹೇಳಿ ಬರೋಕೆ ನನ್ ಕೈಲಾಗಲ್ಲ, ಅವಳು ಬೇಡ ಅನ್ನಲ್ಲ, ಹೋಗು ಪುಟ್ಟಾ ಅಂತಾಳೆ, ಆಮೇಲೆ ಒಳಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತಾಳೆ, ಅದು ಕೇಳಿಸಿದ್ರೆ ನಾನು ಬರಲ್ಲ, ಅದಕ್ಕೇ ಹೇಳ್ದೆ ಬರ್ತೀನಿ. ನಲ್ಲಿಯ ಶಬ್ದದಲ್ಲಿ ಕೇಳಿಸುವುದಿಲ್ಲ ಎಂದುಕೊಂಡಿದ್ದೆ ನಾನು, ಇಷ್ಟು ವರ್ಷ. ಎಲ್ಲ ಬಲ್ಲಳು ನನ್ನನ್ನು, ಮೂಳೆ ಮೂಳೆ ಬಲ್ಲಳು, ಬಲ್ಲದ್ದರಿಂದಲೇ ಹೇಳದೆ ಹೊರಟಿದ್ದಾಳೆ, ಸಿಟ್ಟು ಮಾಡಿಕೊಳ್ಳುವುದಕ್ಕೂ ಬಿಡುವುದಿಲ್ಲವಲ್ಲ ಈ ಹುಡುಗಿ.

ಅಷ್ಟರಲ್ಲಿ ತಳದಲ್ಲಿ ಮೂರು ಚುಕ್ಕೆ. ಒಂದರ ಹಿಂದೊಂದು ಏಳುತ್ತವೆ, ಬೀಳುತ್ತವೆ, ಅವಳು ಬರೆಯುತ್ತಿದ್ದಾಳೆ, ನಾನು ತೆರೆದದ್ದರಿಂದ ಅವಳ ಕಡೆ ಎಲ್ಲವೂ ಓದಿಯಾಯಿತು ಎಂದು ತೋರಿಸಿರಬೇಕು, ಒಂಬತ್ತು ದಿನದ ಮೇಲೆ ಅಮ್ಮ ಬಂದಳು ಎಂದು ಪುಸ್ತಕ ಮಗುಚಿ ಎದ್ದು ಕೂತಿರಬೇಕು. ಅಮ್ಮಾ ಬಂದ್ಯಾ, ನಾಳಿದ್ದು ಬರ್ಲಾ. ನಾಲ್ಕು ಅಕ್ಷರ ಸಾಕು, ಬರಬೇಡ, ಅಕ್ಕನ ಹೆಸರಿನಲ್ಲಿ ಹೋಗುತ್ತದೆ, ನನಗೆ ನೀನು ಆಗಲೂ ಬೇಡವಾಗಿದ್ದೆ ಈಗಲೂ ಬೇಡ ಎಂದು ಇನ್ನೊಂದು ಸಾಲು ಸೇರಿಸಿದರೆ ಜನ್ಮದಲ್ಲಿ ಅತ್ತ ತಿರುಗಿ ನೋಡುವುದಿಲ್ಲ, ನನ್ನ ಬಳಿ ಇರುತ್ತಾಳೆ, ಸ್ವೆಟರು ವಾಪಸು ಬರುತ್ತದೆ, ಅಮ್ಮ ಉಪ್ಪು ಕೊಡು. ಬೆರಳು ಬರೆಯುತ್ತಿದೆ, ಬ, ರ, ಬೇ, ಡ, ಈಗ ಹಾಕಿದ ಪರದೆ ಎಲ್ಲೂ ಸತ್ತಿಲ್ಲ, ಮುಟ್ಟಿದ ಕಡೆಯೆಲ್ಲ ಓಡುತ್ತದೆ, ಒಳ್ಳೆ ಕೆಲಸ ಮಾಡಿದ್ದೇನೆ, ಕಳಿಸು ಎಂಬ ಬಾಣದ ಗುರುತು ಹೆಬ್ಬೆರಳಿನ ಕೆಳಗೇ ಇದೆ, ಒತ್ತಿದರೆ ಎರಡನೆಯ ಸಲ ಆ ಮಗುವನ್ನು ಅದೇ ಬಾಗಿಲಲ್ಲಿ ಸೊಂಟದಿಂದ ಇಳಿಸಿದ ಹಾಗೆ, ಈ ಸಲ ಇಳಿಸುವವಳು ನಾನು. ಅಳಿಸಿದೆ. ಒಂದೊಂದೇ ಅಕ್ಷರ ಹಿಂದಕ್ಕೆ. ಮೋಸ ಮಾಡಿದವರು ಇಬ್ಬರೂ ಸುಖವಾಗಿರಲಿ ಎನ್ನುವಷ್ಟು ದೊಡ್ಡವಳೂ ಅಲ್ಲ ನಾನು, ಮತ್ತೆ ಬರೆದೆ, ಮತ್ತೆ ಅಳಿಸಿದೆ, ಮೆಟ್ಟಿಲಲ್ಲಿ ಯಾರದೋ ಹೆಜ್ಜೆ, ಅಕ್ಕನದೇ ಇರಬೇಕು, ಚಪ್ಪಲಿ ಎಳೆದು ನಡೆಯುತ್ತಾಳೆ, ಇಲ್ಲ, ಬೇರೆ ಯಾರೋ, ಮುಂದೆ ಹೋದರು. ಟಣ್. ಅಮ್ಮಾ ಯಾಕೆ ಬರೆದು ಬರೆದು ಅಳಿಸ್ತಿದ್ದೀಯಾ. ಅವಳಿಗೂ ಕಾಣುತ್ತಿದೆ, ನನ್ನ ಚುಕ್ಕೆಗಳು, ನಾನು ಜೋಡಿಸಿಕೊಟ್ಟ ಪರದೆಯ ಮೇಲೆ. ಏನಾದರೂ ಬರೆಯಬೇಕು, ಇದು ನಾನು ಪುಟ್ಟಾ ಎನ್ನಲೇ, ಬಾ ಎನ್ನಲೇ, ಹೋಗು ಎನ್ನಲೇ, ಟಣ್, ಅಮ್ಮಾ, ನೀನೇ ತಾನೇ. ಹೌದು ಎಂದು ಬರೆದೆ, ಅಳಿಸಿದೆ, ಅಲ್ಲ ಎಂದು ಬರೆದೆ, ಅಳಿಸಿದೆ, ಮನೆಯಲ್ಲಿ ಆ ಹುಡುಗಿ ಉಸಿರು ಹಿಡಿದು ನೋಡುತ್ತಿದ್ದಾಳೆ, ಅಲ್ಲಿ ಮೂರು ಚುಕ್ಕೆ, ಆರಿದವು, ಮೂರು ಚುಕ್ಕೆ, ಆರಿದವು, ಮತ್ತೆ ಮೂರು ಚುಕ್ಕೆ